ನಾನು ಬಡಿಸಿದ ಕೆಂಪು ಬೇರು

ಒಣಗಿದ ಬೇರೊಂದು ಮನುಷ್ಯನ ಮೈಯೊಳಗೆ ಹೋಗಿ ಇಷ್ಟೆಲ್ಲ ಮಾಡಬಲ್ಲದು ಎಂಬ ನಂಬಿಕೆ ನನಗೆ ಇರಲಿಲ್ಲ. ನಂಬಿಕೆ ಇಲ್ಲದೆಯೇ ಅದನ್ನು ದಿನವೂ ಗೆಳೆಯನ ಅಂಗೈಗೆ ಹಾಕಿದೆ. ಯಾರಿಗೂ ಕೆಟ್ಟದ್ದು ಬಯಸಿರಲಿಲ್ಲ ಎಂಬುದು ನಿಜ. ಆದರೆ ಆ ಮಾತನ್ನು ಎಷ್ಟು ಸಲ ಹೇಳಿಕೊಂಡರೂ ಆಸ್ಪತ್ರೆಯ ಕಾರಿಡಾರು ಕಣ್ಣ ಮುಂದಿನಿಂದ ಹೋಗುವುದಿಲ್ಲ.

ನನ್ನ ಮಗಳು ಮಲೇಷ್ಯಾದ ನಿಲಾಯ್‌ನಲ್ಲಿ ಔಷಧಶಾಸ್ತ್ರ ಕಲಿಸುತ್ತಾಳೆ. ಮಣಿಪಾಲದಲ್ಲಿ ಓದಿ ಇಲ್ಲಿಗೆ ಕೆಲಸಕ್ಕೆ ಬಂದವಳು. ಹೆಂಡತಿ ತೀರಿಕೊಂಡ ಮೇಲೆ ನಾನೂ ಅವಳ ಮನೆಗೆ ಬಂದು ನಿಂತೆ. ನಾನು ಓದಿದ್ದು ಹೈಸ್ಕೂಲಿನವರೆಗೆ ಮಾತ್ರ. ಆಮೇಲೆ ಜೀವನಪೂರ್ತಿ ಮಾಡಿದ್ದು ಬಡಿಸುವ ಕೆಲಸ. ಮೊದಲು ಉಡುಪಿ ಕಡೆಯ ಊಟದ ಪಂಕ್ತಿಗಳಲ್ಲಿ, ನಂತರ ಬೇರೆ ಬೇರೆ ಊರಿನ ಹೋಟೆಲುಗಳಲ್ಲಿ.

ಇಲ್ಲಿಯ ಚೀನೀ ಔಷಧಿ ಅಂಗಡಿಗಳಲ್ಲಿ ಒಂದು ಕೆಂಪು ಬೇರು ಸಿಗುತ್ತದೆ. ಒಣಗಿಸಿ, ಓರೆಯಾಗಿ ಬಿಲ್ಲೆ ಮಾಡಿ, ತಟ್ಟೆಗಳಲ್ಲಿ ತೆರೆದೇ ಇಟ್ಟಿರುತ್ತಾರೆ. ಪಕ್ಕದಲ್ಲಿ ಒಣ ಖರ್ಜೂರ, ಶುಂಠಿ, ಅಣಬೆ. ಚೀನೀ ಅಜ್ಜಿಯರು ಅದನ್ನು ಕೋಳಿಯ ಸಾರಿಗೆ ಹಾಕಿ ಕುದಿಸುತ್ತಾರಂತೆ. ಎದೆಗೆ ಒಳ್ಳೆಯದು, ರಕ್ತ ಸರಾಗವಾಗಿ ಓಡುತ್ತದೆ ಎನ್ನುತ್ತಾರೆ. ಮಗಳು ಮತ್ತು ಅವಳ ಜೊತೆಯವರು ಆ ಬೇರು ಮೈಯೊಳಗೆ ಹೋದ ಮೇಲೆ ನಿಜಕ್ಕೂ ಏನಾಗುತ್ತದೆ ಎಂದು ಹುಡುಕುತ್ತಿದ್ದರು. ಎಷ್ಟು ಅಂಶ ರಕ್ತಕ್ಕೆ ಸೇರುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ, ಲಿವರ್ ಅದನ್ನು ಹೇಗೆ ಕರಗಿಸಿ ಹೊರಗೆ ಹಾಕುತ್ತದೆ. ಅದಕ್ಕಾಗಿ ಸಕ್ಕರೆ ಕಾಯಿಲೆ ಇರುವ, ಕಾಲು ಜೋಮು ಹಿಡಿಯುವ ವಯಸ್ಸಾದವರನ್ನು ಹುಡುಕುತ್ತಿದ್ದರು. ಅರ್ಧ ಜನಕ್ಕೆ ಬೇರಿನ ಪುಡಿ ತುಂಬಿದ ಮಾತ್ರೆ, ಉಳಿದರ್ಧಕ್ಕೆ ಬರೀ ಹಿಟ್ಟು ತುಂಬಿದ ಮಾತ್ರೆ. ನೋಡಲು ಎರಡೂ ಒಂದೇ. ಯಾರಿಗೆ ಯಾವುದು ಎಂದು ತಿನ್ನುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ.

ನನಗೂ ಸಕ್ಕರೆ ಇದೆ. "ನೀವು ಸೇರುವ ಹಾಗಿಲ್ಲ ಅಪ್ಪಯ್ಯ, ನನ್ನ ಮನೆಯವರಲ್ಲವಾ" ಎಂದಳು ಮಗಳು. ಸರಿ, ನನ್ನ ಬೆಳಗಿನ ವಾಕಿಂಗಿನ ಗೆಳೆಯರಿಗೆ ಹೇಳಿದೆ.

ನಾವು ನಾಲ್ವರು. ಮೈಸೂರಿನ ನಿವೃತ್ತ ಮೇಷ್ಟ್ರು ಒಬ್ಬರು. ಇಲ್ಲೇ ಹುಟ್ಟಿ ರೈಲ್ವೆಯಲ್ಲಿ ದುಡಿದ ತಮಿಳಿನವರು ಒಬ್ಬರು, ಅವರನ್ನು ನಾವೆಲ್ಲ ಅಣ್ಣಾಚಿ ಎನ್ನುತ್ತಿದ್ದೆವು; ನಮ್ಮ ಜೊತೆ ಸೇರಿ ಸೇರಿ ಅವರಿಗೂ ಒಂದಿಷ್ಟು ಕನ್ನಡ ಬಂದಿತ್ತು, ಮಾತಿನ ಕೊನೆಗೆ ಇಲ್ಲಿಯವರ 'ಲಾ' ಮಾತ್ರ ಬಿಟ್ಟಿರಲಿಲ್ಲ. ಮತ್ತೊಬ್ಬ ಹುಬ್ಬಳ್ಳಿಯವನು, ನನ್ನ ವಯಸ್ಸಿನವನೇ, ಮಗನ ಮನೆಯಲ್ಲಿ ಹೆಂಡತಿಯೊಂದಿಗೆ ಇದ್ದವನು. ಬಾಯಿ ತುಂಬ ಮಾತು, ಹೊಟ್ಟೆ ತುಂಬ ನಗು. ಅವನ ಹೃದಯದ ಒಂದು ಕವಾಟವನ್ನು ತೆಗೆದು ಕೃತಕ ಕವಾಟ ಕೂಡಿಸಿದ್ದರು. ಅದಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆಯನ್ನು ದಿನವೂ ತಪ್ಪದೆ ತಿನ್ನಬೇಕಿತ್ತು. ಅವನ ಹೆಂಡತಿಯೇ ಅದನ್ನು ನೋಡಿಕೊಳ್ಳುತ್ತಿದ್ದರು. ವಾರದ ದಿನಗಳ ಹೆಸರಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾತ್ರೆ ಜೋಡಿಸಿ, ಅವನು ನುಂಗುವವರೆಗೂ ಎದುರಿಗೇ ನಿಲ್ಲುತ್ತಿದ್ದರು. ನಾನು ಅವರನ್ನು ಅತ್ತಿಗೆ ಎನ್ನುತ್ತಿದ್ದೆ. ಅವರು ನನ್ನನ್ನು ಅಣ್ಣಾರ ಎನ್ನುತ್ತಿದ್ದರು.

ಮೂವರೂ ತಪಾಸಣೆಗೆ ಹೋದರು. ಮೇಷ್ಟ್ರನ್ನೂ ಅಣ್ಣಾಚಿಯನ್ನೂ ತೆಗೆದುಕೊಂಡರು. ರಕ್ತ ತೆಳುವಾಗುವ ಮಾತ್ರೆಯ ಮಾತು ಬಂದ ಕೂಡಲೇ ಹುಬ್ಬಳ್ಳಿಯವನನ್ನು ವಾಪಸ್ಸು ಕಳಿಸಿದರು. ಮರುದಿನ ಮಾಮಕ್ ಅಂಗಡಿಯಲ್ಲಿ, ಅಂದರೆ ಇಲ್ಲಿಯ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಚಹಾಕ್ಕೆ ಕೂತಾಗ ಅವನ ಮುಖ ಇಳಿದಿತ್ತು.

"ಏನ್ ಹೇಳ್ಲಿಪಾ, ಎಲಿ ಹಾಕಿ ಕುಂತಾಂವನ್ನ ಎಬ್ಬಿಸಿ ಕಳಿಸಿದ್ರು" ಅಂದ. "ಇವರಿಬ್ರೂ ಉಣ್ಣೋದನ್ನ ನಾ ನೋಡಕೋತ ಕುಂಡ್ರಬೇಕು."

ತಮಾಷೆಗೆ ಹೇಳಿದ ಮಾತು. ಮೇಷ್ಟ್ರು ನಕ್ಕರು. ನನಗೆ ನಗು ಬರಲಿಲ್ಲ.

ಯಾಕೆ ಬರಲಿಲ್ಲ ಎಂಬುದನ್ನು ಹೇಳಬೇಕು. ಹುಡುಗನಾಗಿದ್ದಾಗ ನಾನು ಬಡಿಸುತ್ತಿದ್ದ ಕಡೆ ಎರಡು ಪಂಕ್ತಿ ಇರುತ್ತಿದ್ದವು, ಒಳಗೊಂದು, ಹೊರಗೊಂದು. ಹೊರಗೆ ಕೂರುತ್ತಿದ್ದವರು ಯಾರು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಳಗಿನ ಪಾಯಸ ಗಟ್ಟಿ, ಹೊರಗಿನದು ಬರೀ ನೀರು. ಒಮ್ಮೆ ಹೊರಗಿನ ಪಂಕ್ತಿಯ ಮುದುಕಿಯೊಬ್ಬಳು, "ಒಳಗೂ ಇದೇ ಪಾಯಸವಾ ಮಗಾ?" ಎಂದು ಕೇಳಿದಳು. "ಹೌದು, ಇದೇ" ಎಂದೆ. ಅವಳು ಲೋಟ ಮುಂದೆ ಹಿಡಿದಳು. ದೊಡ್ಡವನಾದ ಮೇಲೆ, ನನ್ನ ಕೈಯಲ್ಲಿ ಸೌಟು ಇರುವವರೆಗೆ ಪಂಕ್ತಿಭೇದ ಮಾಡುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡೆ. ಹೋಟೆಲಿನಲ್ಲೂ ಹಾಗೆಯೇ ನಡೆದುಕೊಂಡೆ. ಯಜಮಾನನ ಭಾವನೇ ಬರಲಿ, ಹಮಾಲಿಯೇ ಬರಲಿ, ಸಾಂಬಾರಿನ ಸೌಟು ಪಾತ್ರೆಯ ತಳ ಮುಟ್ಟಿಯೇ ಮೇಲೆ ಬರಬೇಕು.

ಅದೇ ವಾರ ಅಣ್ಣಾಚಿ ಮೇಜಿನ ಮೇಲೆ ತಮ್ಮ ಮಾತ್ರೆಯ ಬಾಟಲಿ ಇಟ್ಟು ತಟ್ಟಿದರು.

"ಮೇಷ್ಟ್ರಿಗೆ ಬೇರು, ನನಗೆ ಹಿಟ್ಟು ಬಂದಿದ್ರೆ ಏನು ಮಾಡೋದು ಲಾ? ನಾನು ಸುಮ್ನೆ ರಕ್ತ ಕೊಟ್ಟು ಬರೋದಾ?"

"ನಿಮ್ಮ ಕಾಲು ಹಿಟ್ಟಿಗೇ ಸರಿಹೋಗುತ್ತೆ ಬಿಡಿ, ಅಷ್ಟೇನೂ ಕೆಟ್ಟಿಲ್ಲ" ಎಂದರು ಮೇಷ್ಟ್ರು.

"ನಿಮಗೆ ಮಾತಾಡೋಕೆ ಏನು ಸಾರ್, ನಿಮಗೆ ಖಂಡಿತ ಬೇರಿನದೇ ಬಂದಿರೋದು. ಮುಖ ನೋಡಿದ್ರೇ ಗೊತ್ತಾಗುತ್ತೆ."

ಹುಬ್ಬಳ್ಳಿಯವನು ಚಹಾದ ನೊರೆ ಊದುತ್ತ ಕೂತಿದ್ದ. ಆಗ ನಾನೇ ಹೇಳಿದೆ, "ಎಲ್ಲ ಒಟ್ಟಿಗೆ ಹಾಕುವ ಮಾರಾಯ್ರೆ. ಎರಡೂ ಬಾಟಲಿ ಒಂದೇ ಡಬ್ಬಕ್ಕೆ ಸುರಿದು ಕಲಸಿದರೆ ಎಲ್ಲರಿಗೂ ಒಂದಿಷ್ಟು ಬೇರು ಸಿಕ್ಕೇ ಸಿಗುತ್ತದೆ. ಯಾರಿಗೂ ಮೋಸ ಇಲ್ಲ."

ಮೇಷ್ಟ್ರು ಸ್ವಲ್ಪ ಅನುಮಾನಿಸಿದರು. ಓದಿದವರಲ್ಲವೇ. "ಅವರು ಹೇಳಿದ ಹಾಗೆ ಮಾಡ್ಬೇಕಲ್ವೇನ್ರೀ?" ಎಂದರು. "ನಿಮ್ಮಿಬ್ಬರದೂ ಸೇರಿ ದಿನಕ್ಕೆ ಆರು ಮಾತ್ರೆ, ಮೂವರಿಗೆ ಎರಡೆರಡು; ಲೆಕ್ಕ ತಪ್ಪುವುದಿಲ್ಲವಲ್ಲ" ಎಂದೆ ನಾನು. ಮಗಳ ಕೆಲಸದ ವಿಷಯ ನನಗೆ ಗೊತ್ತಿರುತ್ತದೆ ಎಂಬ ಧೈರ್ಯಕ್ಕೆ ಅವರೂ ಒಪ್ಪಿದರು. ನನ್ನ ಬಳಿ ಕರಾವಳಿಯಿಂದ ತಂದ ಒಂದು ಸ್ಟೀಲಿನ ಡಬ್ಬ ಇತ್ತು. ಅದಕ್ಕೆ ಎರಡೂ ಬಾಟಲಿ ಸುರಿದು ಚೆನ್ನಾಗಿ ಕುಲುಕಿದೆ. ದಿನವೂ ವಾಕಿಂಗ್ ಮುಗಿದ ಮೇಲೆ ಮಾಮಕ್ ಅಂಗಡಿಯ ಮೇಜಿನ ಸುತ್ತ ಅವರು ಕೂತರೆ ನಾನು ನಿಂತು ಒಬ್ಬೊಬ್ಬರ ಅಂಗೈಗೆ ಹಾಕುತ್ತಿದ್ದೆ.

ಮೇಷ್ಟ್ರಿಗೆ ಹಾಕಿದೆ, ಅಣ್ಣಾಚಿಗೆ ಹಾಕಿದೆ. ಮೂರನೆಯವನು ಅಂಗೈ ಚಾಚಿರಲಿಲ್ಲ. ನಾನೇ ಅವನ ಕೈ ಹಿಡಿದು ಬಿಡಿಸಿ ಹಾಕಿದೆ. "ನೀನೂ ಇದೇ ಪಂಕ್ತಿಯವನು" ಎಂದೆ. ಅವನ ಕಣ್ಣು ಒದ್ದೆಯಾಯಿತು. ನನಗೂ ಹೆಮ್ಮೆಯೆನಿಸಿತು.

ಗೊತ್ತಿಲ್ಲದೆ ಮಾಡಿದೆ ಎಂದು ಹೇಳುವ ಹಾಗಿಲ್ಲ. ಅವನನ್ನು ವಾಪಸ್ಸು ಕಳಿಸಿದ ದಿನವೇ ನಾನು ಮಗಳನ್ನು ಯಾಕೆ ಎಂದು ಕೇಳಿದ್ದೆ. ಅವಳು ನನಗೆ ತಿಳಿಯುವ ಹಾಗೆಯೇ ಹೇಳಿದ್ದಳು. "ಲಿವರ್ ಅಂದರೆ ನಿಮ್ಮ ಹೋಟೆಲಿನ ಪಾತ್ರೆ ತೊಳೆಯುವ ಜಾಗ ಅಂತ ಇಟ್ಟುಕೊಳ್ಳಿ ಅಪ್ಪಯ್ಯ. ತಿಂದ ಮಾತ್ರೆ ಎಲ್ಲ ಎಂಜಲು ತಟ್ಟೆ. ಅಲ್ಲಿ ತೊಳೆದು ತೊಳೆದು ಹೊರಗೆ ಹಾಕುತ್ತಾ ಇರುತ್ತದೆ. ಈ ಬೇರು ಹೋಗಿ ತೊಳೆಯುವವರ ಕೈ ಹಿಡಿದುಕೊಳ್ಳುತ್ತದೆ. ಆಗ ರಕ್ತ ತೆಳು ಮಾಡುವ ಮಾತ್ರೆ ಮೈಯೊಳಗೇ ರಾಶಿ ಬೀಳುತ್ತದೆ. ಬೇರಿಗೂ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಗುಣ ಸ್ವಲ್ಪ ಇದೆ. ಎರಡೂ ಸೇರಿದರೆ ಕಷ್ಟ." ನಾನು ಹೂಂ ಎಂದೆ. ಮನಸ್ಸಿನಲ್ಲಿ ಮಾತ್ರ, ಬೇರು ತಾನೇ, ಶುಂಠಿಯ ಪಕ್ಕ ಇಟ್ಟು ಮಾರುತ್ತಾರೆ ಎಂದುಕೊಂಡೆ. ನಮ್ಮ ಮನೆಯಲ್ಲಿ ದಿನಾ ಕಷಾಯ ಕುಡಿಯುತ್ತಿದ್ದೆವು. ಅದನ್ನು ಯಾರು ಔಷಧಿ ಎನ್ನುತ್ತಿದ್ದರು?

ಕೆಲವು ವಾರ ಹಾಗೇ ಕಳೆಯಿತು. ಅಣ್ಣಾಚಿ ಕಾಲು ಹಗುರವಾಗಿದೆ ಎಂದರು. ಹುಬ್ಬಳ್ಳಿಯವನು ಪಾದ ಬೆಚ್ಚಗಿದೆ ಎಂದ. ಆಮೇಲೊಂದು ದಿನ ಅವನ ಮೊಣಕೈಯ ಮೇಲೆ ಬದನೆಕಾಯಿ ಬಣ್ಣದ ಕಲೆ ಕಂಡಿತು.

"ಏನಿದು?" ಎಂದೆ.

"ನಿಮ್ಮ ಅತ್ತಿಗಿ ಹೊಡದ್ಲು ಅಂತ ಮಾತ್ರ ಎಲ್ಲೂ ಹೇಳಬ್ಯಾಡಪಾ" ಎಂದು ನಕ್ಕ. "ಬಾಗಲಕ್ಕ ತಾಗಿತು. ಹಲ್ಲು ತಿಕ್ಕಿದ್ರೂ ವಸಡಿನಾಗ ರಕ್ತ ಬರತೈತಿ. ವಯಸ್ಸಾತು."

ನಾನು ಆ ಕಲೆಯನ್ನು ನೋಡಿದೆ, ಆಮೇಲೆ ಅವನ ಪಾಲಿನ ಮಾತ್ರೆ ಕೊಟ್ಟೆ. ಈಗ ಬರೆಯುವಾಗ ನನ್ನ ಕೈ ಎಲ್ಲಿ ನಿಲ್ಲಬೇಕಿತ್ತು ಎಂದು ಕೇಳಿಕೊಂಡರೆ, ಇಲ್ಲಿಯೇ.

ಆ ದಿನಗಳಲ್ಲೇ ಮಗಳು ಊಟದ ಹೊತ್ತಿಗೆ ತುಂಬ ಹುರುಪಿನಲ್ಲಿರುತ್ತಿದ್ದಳು. ಅವಳ ಕೈಗೆ ರಕ್ತದ ಮಾದರಿಗಳು ಬರೀ ನಂಬರು ಹಚ್ಚಿಕೊಂಡು ಬರುತ್ತಿದ್ದವು, ಯಾರದ್ದು ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. "ಎರಡು ಮಾದರಿ ವಿಚಿತ್ರವಾಗಿದೆ ಅಪ್ಪಯ್ಯ. ಬೇರಿನ ಅಂಶ ಒಮ್ಮೆ ಇದೆ, ಒಮ್ಮೆ ಇಲ್ಲ. ಇವರ ಲಿವರ್ ಏನೋ ಬೇರೆ ರೀತಿ ಕೆಲಸ ಮಾಡುತ್ತಿದೆಯೋ ಏನೋ. ಹಾಗಿದ್ದರೆ ಅದು ಹೊಸ ವಿಷಯ" ಎಂದು ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಲ್ಯಾಪ್‌ಟಾಪ್ ತೆರೆಯುತ್ತಿದ್ದಳು. ನಾನು ಅವಳ ತಟ್ಟೆಗೆ ಸಾರು ಬಡಿಸುತ್ತಿದ್ದೆ.

ಆ ಬೆಳಿಗ್ಗೆ ರೊಟ್ಟಿ ಚನಾಯ್ ತರಿಸಿಕೊಂಡು ಕೂತಿದ್ದೆವು. ಹುಬ್ಬಳ್ಳಿಯವನು ಏನೋ ಹೇಳಿ ಜೋರಾಗಿ ನಕ್ಕ. ನಗುತ್ತಿದ್ದ ಹಾಗೆ ಮೂಗಿನಿಂದ ರಕ್ತ ತಟ್ಟೆಗೆ ಬಿತ್ತು. ಅವನು ಕರವಸ್ತ್ರ ಒತ್ತಿದ. ಕರವಸ್ತ್ರ ತೊಯ್ದಿತು. ಅಂಗಡಿಯವನು ಟಿಶ್ಯೂ ಕಾಗದದ ಡಬ್ಬಿಯನ್ನೇ ತಂದಿಟ್ಟ, ಅದೂ ತೊಯ್ದಿತು. ರಕ್ತ ನಿಲ್ಲಲೇ ಇಲ್ಲ. ನಲ್ಲಿ ಬಿಟ್ಟಂತೆ ಸುರಿಯಲಿಲ್ಲ, ನಿಲ್ಲುವುದನ್ನು ಮರೆತ ಹಾಗೆ ಸುಮ್ಮನೆ ಬರುತ್ತಲೇ ಇತ್ತು. ಮೇಷ್ಟ್ರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತರು. ಅಣ್ಣಾಚಿ ಫೋನಿನಲ್ಲಿ ಕಾರು ಕರೆದರು. ನನ್ನ ಎದುರಿಗೆ ಸ್ಟೀಲಿನ ಡಬ್ಬ ಮುಚ್ಚಳ ತೆರೆದು ಕೂತಿತ್ತು. ಅದರೊಳಗೆ ನೋಡಿದೆ. ಮಗಳು ಹೇಳಿದ ಎಂಜಲು ತಟ್ಟೆಗಳ ರಾಶಿ ನೆನಪಾಯಿತು.

ಡಬ್ಬ ಮುಚ್ಚಿ ಚೀಲಕ್ಕೆ ಹಾಕಿಕೊಂಡೆ. ಅವತ್ತು ಮೊದಲು ಮಾಡಿದ ಕೆಲಸ ಅದು.

ಆಸ್ಪತ್ರೆಯಲ್ಲಿ ವೈದ್ಯೆ ಕೇಳಿದ ಮೊದಲ ಪ್ರಶ್ನೆಯೇ, ಬೇರೆ ಏನಾದರೂ ತಿನ್ನುತ್ತಿದ್ದಾರಾ, ಜಾಮು, ನಾಟಿ ಔಷಧಿ, ಗಿಡಮೂಲಿಕೆ ಏನಾದರೂ? ಅತ್ತಿಗೆ ಓಡಿ ಬಂದಿದ್ದರು, ಕಾಲಲ್ಲಿ ಮನೆಯ ಹವಾಯಿ ಚಪ್ಪಲಿ. ಅವರ ಮಗ ಕೆಲಸದ ಮೇಲೆ ಪೆನಾಂಗಿಗೆ ಹೋಗಿದ್ದ. "ಇಲ್ಲರೀ, ಏನೂ ಇಲ್ಲ" ಎಂದರು. ವೈದ್ಯೆ ಗೆಳೆಯನನ್ನು ಕೇಳಿದರು. ಮೂಗಿಗೆ ಬಟ್ಟೆ ಒತ್ತಿಕೊಂಡಿದ್ದ ಅವನು ನನ್ನ ಕಡೆ ಒಮ್ಮೆ ನೋಡಿ, ಇಲ್ಲ ಎಂದು ತಲೆಯಾಡಿಸಿದ. ನನ್ನನ್ನು ಕಾಪಾಡಲು ಹಾಗೆ ಹೇಳಿದ. ನಾನು ಗೋಡೆಗೆ ಒರಗಿ ನಿಂತಿದ್ದೆ. ಚೀಲವನ್ನು ಕಂಕುಳಿಗೆ ಒತ್ತಿಕೊಂಡೆ.

ರಕ್ತಪರೀಕ್ಷೆ ಬಂತು. ರಕ್ತ ಇರಬೇಕಾದ್ದಕ್ಕಿಂತ ಎಷ್ಟೋ ಪಾಲು ತೆಳುವಾಗಿತ್ತು. ಹೊಟ್ಟೆಯ ಒಳಗೂ ರಕ್ತ ಒಸರುತ್ತಿತ್ತು. ಸೂಜಿ ಕೊಟ್ಟರು, ರಕ್ತ ಹೆಪ್ಪುಗಟ್ಟಲು ಏನೇನೋ ಏರಿಸಿದರು. ವೈದ್ಯೆ ಹೊರಗೆ ಬಂದು ಅತ್ತಿಗೆಯನ್ನು ಮೆಲ್ಲಗೆ ಕೇಳಿದರು, ಮಾತ್ರೆ ಕೊಡುವವರು ಯಾರು? ಒಂದರ ಬದಲು ಎರಡು ಕೊಟ್ಟಿರಬಹುದಾ?

ಅತ್ತಿಗೆ ಕಾರಿಡಾರಿನ ಬೆಂಚಿನ ಮೇಲೆ ಕುಸಿದರು. "ನಾನಽ ಕೊಡತೀನ್ರೀ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಾನಽ ತಪ್ಪಿ ಕೊಟ್ಟಿರಬೇಕು ಅಣ್ಣಾರ. ಮುಂಜಾನೆ ಒಮ್ಮೆ ಕೊಟ್ಟು ಮರತು ಮತ್ತೊಮ್ಮೆ ಕೊಟ್ಟೆ ಏನೋ. ನನ್ನ ತಲಿ ಮೊದಲಿನಂಗ ಇಲ್ಲ" ಎಂದು ಅತ್ತರು. ಇಷ್ಟು ವರ್ಷ ಒಂದು ದಿನವೂ ತಪ್ಪದ ಹೆಂಗಸು. ಅವರು ತಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಮಲಗಿಸಿ ಅವುಗಳನ್ನೇ ನೋಡುತ್ತ ಕೂತರು, ಬೇರೆ ಯಾರದೋ ಕೈ ಎಂಬಂತೆ.

ನಾನು ಕೆಳಗಿನ ಕ್ಯಾಂಟೀನಿಗೆ ಹೋಗಿ ಚಹಾ ತಂದು ಅವರಿಗೆ ಕೊಟ್ಟೆ.

ಮರುದಿನ ಸಂಜೆ ಊಟಕ್ಕೆ ಕೂತಾಗ ಮಗಳು ತಾನಾಗಿಯೇ ಮಾತು ತೆಗೆದಳು. ಗೆಳೆಯನ ಮಗ ಅವಳಿಗೆ ಫೋನ್ ಮಾಡಿದ್ದನಂತೆ. "ರಕ್ತ ನಿಂತಿದೆಯಂತೆ. ನಾಳೆಯಿಂದ ಮಾತ್ರೆ ಮತ್ತೆ ಶುರು ಮಾಡುತ್ತಾರೆ, ಡೋಸು ತುಂಬ ಇಳಿಸಿ" ಎಂದಳು.

"ಇಳಿಸಿದರೆ ಒಳ್ಳೆಯದೇ ಅಲ್ಲವಾ?" ಎಂದೆ.

"ಹಳೆಯ ಡೋಸೇ ಜಾಸ್ತಿಯಾಗಿದ್ದರೆ ಒಳ್ಳೆಯದು. ಅಲ್ಲದಿದ್ದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಆ ಗಡ್ಡೆ ಮೆದುಳಿಗೆ ಹೋದರೆ ಮುಗಿಯಿತು. ಅದಕ್ಕೇ ಕಾರಣ ಸರಿಯಾಗಿ ಗೊತ್ತಾಗಬೇಕು ಅಪ್ಪಯ್ಯ. ರಕ್ತ ಅಷ್ಟು ತೆಳುವಾದದ್ದು ಯಾಕೆ ಅಂತ ಯಾರಿಗೂ ಗೊತ್ತಿಲ್ಲ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದೆ. ಹೀಗೆ ಸುಮ್ಮನಿದ್ದೇ ಇದನ್ನು ದಾಟಿಬಿಡಬಹುದು ಎಂದು ನಾನು ಯೋಚಿಸಿದ್ದೆ. ಡಬ್ಬದಲ್ಲಿದ್ದುದನ್ನು ಇನ್ನು ಕೊಡದಿದ್ದರೆ ಆಯಿತು, ಅವನು ಸುಧಾರಿಸುತ್ತಾನೆ, ಯಾರಿಗೂ ತಿಳಿಯುವುದಿಲ್ಲ ಎಂದು. ಈಗ ನೋಡಿದರೆ, ಕೊಟ್ಟು ಒಂದು ಸಲ ಸಾಯಿಸಲು ಹೊರಟಿದ್ದವನು, ಹೇಳದೆ ಇನ್ನೊಂದು ಸಲ ಸಾಯಿಸಲು ಕೂತಿದ್ದೆ.

ಎದ್ದು ಹೋಗಿ ಚೀಲದಿಂದ ಡಬ್ಬ ತಂದು ಅವಳ ತಟ್ಟೆಯ ಪಕ್ಕ ಇಟ್ಟೆ.

"ಎಂತದಿದು?"

ಹೇಳಿದೆ. ಎರಡು ಬಾಟಲಿ ಸುರಿದದ್ದು, ಕುಲುಕಿದ್ದು, ಅವನ ಮುಚ್ಚಿದ ಕೈಯನ್ನು ನಾನೇ ಬಿಡಿಸಿದ್ದು, ಕಲೆ ನೋಡಿಯೂ ಕೊಟ್ಟದ್ದು, ಎಲ್ಲ.

ಮಗಳು ಬೈಯಲಿಲ್ಲ. ಬೈಯುತ್ತಾಳೆ ಎಂದು ಕಾದಿದ್ದೆ. ಎಂಜಲು ಕೈಯಲ್ಲೇ ಫೋನ್ ಎತ್ತಿ ಆಸ್ಪತ್ರೆಗೆ ಮಾತಾಡಿದಳು. ಗಡಗಡನೆ ಇಂಗ್ಲಿಷಿನಲ್ಲಿ ಬೇರಿನ ಹೆಸರು, ಎಷ್ಟು ವಾರ, ದಿನಕ್ಕೆ ಎಷ್ಟು ಎಂದೆಲ್ಲ ಹೇಳಿದಳು. ನಡುವೆ ನನ್ನನ್ನು ಕೇಳಿದಳು, "ಕೊನೆಗೆ ಕೊಟ್ಟದ್ದು ಯಾವತ್ತು?" ಹೇಳಿದೆ. ಫೋನ್ ಇಟ್ಟ ಮೇಲೆ ಡಬ್ಬದ ಮುಚ್ಚಳ ತೆಗೆದು ಒಳಗೆ ನೋಡಿದಳು.

"ಒಮ್ಮೆ ಇದೆ, ಒಮ್ಮೆ ಇಲ್ಲ" ಎಂದಳು. ನನಗೆ ಹೇಳಿದ್ದಲ್ಲ. "ನಾನು ಲಿವರ್ ಅಂದುಕೊಂಡಿದ್ದೆ. ಡಬ್ಬ."

ಆಮೇಲೆ ಮುಖ ತೊಳೆಯಲು ಒಳಗೆ ಹೋದಳು. ನೀರಿನ ಸದ್ದು ನಿಂತ ಮೇಲೂ ಹೊರಗೆ ಬರಲಿಲ್ಲ. ಮೇಷ್ಟ್ರು, ಅಣ್ಣಾಚಿ ಇಬ್ಬರನ್ನೂ ಅವರು ಅಧ್ಯಯನದಿಂದ ಕೈಬಿಡಬೇಕಾಯಿತು. ತನ್ನ ಮೇಲಿನವರ ಮುಂದೆ ಅವಳು ನನ್ನ ಹೆಸರು ಹೇಳಿ ನಿಲ್ಲಬೇಕಾಯಿತು. ಅಲ್ಲಿ ಏನಾಯಿತೆಂದು ಅವಳು ಹೇಳಲಿಲ್ಲ, ನನಗೆ ಕೇಳುವ ಮುಖ ಇರಲಿಲ್ಲ.

ಬೆಳಿಗ್ಗೆ ವಾರ್ಡಿಗೆ ಹೋದೆ. ವೈದ್ಯೆ ಆಗಲೇ ಗಂಡಹೆಂಡತಿಗೆ ವಿಷಯ ತಿಳಿಸಿ ಹೋಗಿದ್ದರು. ಡೋಸು ಹೆಚ್ಚು ಇಳಿಸದೆ, ದಿನವೂ ರಕ್ತ ನೋಡುತ್ತ ಹಳೆಯದಕ್ಕೇ ತರುತ್ತಾರಂತೆ. ಆದರೂ ನನ್ನ ಬಾಯಿಂದ ಹೇಳಬೇಕಿತ್ತು. ಮಂಚದ ಕೊನೆಯಲ್ಲಿ ನಿಂತು ಎಲ್ಲವನ್ನೂ ಮತ್ತೊಮ್ಮೆ ಹೇಳಿದೆ. ಗೆಳೆಯ ಬಿಳಿಚಿಕೊಂಡು ಮಲಗಿದ್ದ. ಮೂಗಿನಲ್ಲಿ ಹತ್ತಿಯ ಬತ್ತಿ ಇತ್ತು. ಕೇಳಿ ಮುಗಿದ ಮೇಲೆ ಅವನ ಮುಖ ನಿಧಾನಕ್ಕೆ ಅರಳಿತು.

"ಅಂದ್ರ, ಖರೇ ಗುಳಿಗಿ ನನಗಽ ಬಂತು ಅಂದಂಗಾತು!" ಎಂದ. "ಆ ಮೇಷ್ಟ್ರಿಗೆ ಹೇಳಪಾ, ಹಿಟ್ಟು ತಿಂದಾಂವ ಅಂವ ಅಂತ."

ಸಾವಿನ ಬಾಗಿಲಿಗೆ ಹೋಗಿ ಬಂದವನು ಪಾಲು ಸಿಕ್ಕಿತೆಂದು ಸಂತೋಷಪಡುತ್ತಿದ್ದ. ಆ ಆಸೆಯನ್ನು ಅವನಲ್ಲಿ ಹುಟ್ಟಿಸಿದವನು ನಾನು. ಮುದುಕಿಯ ಲೋಟಕ್ಕೆ ಸುಳ್ಳು ಸುರಿದವನು, ಇವನ ಕೈಗೆ ಸತ್ಯ ಹಾಕುತ್ತೇನೆಂದು ಇದನ್ನು ಹಾಕಿದೆ.

ಅತ್ತಿಗೆ ನಗಲಿಲ್ಲ. ಕಿಟಕಿಯ ಬಳಿ ಕೂತಿದ್ದವರು ನನ್ನನ್ನೇ ನೋಡುತ್ತಿದ್ದರು.

"ಅಣ್ಣಾರ, ನಾ ಹೊರಗ ಬೆಂಚಿನ ಮ್ಯಾಲ ಕುಂತು ಅಳಾಕತ್ತಿದ್ದೆ. ನನ್ನ ಕೈಯಾರ ಕೊಂದೆ ಅಂತ ಅಳಾಕತ್ತಿದ್ದೆ. ಆವಾಗ ನೀವು ಎದುರಿಗೇ ಇದ್ದಿರಿ, ಹೌದಲ್ಲ?"

"ಹೌದು."

"ಚಾ ತಂದು ಕೊಟ್ಟಿರಿ."

ನಾನು ತಲೆಯಾಡಿಸಿದೆ.

"ನಾ ಕುಡದೆ" ಎಂದರು. ಅಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದರು.

ಗೆಳೆಯ ಈಗ ಚೆನ್ನಾಗಿದ್ದಾನೆ. ಮತ್ತೆ ವಾಕಿಂಗಿಗೆ ಬರುತ್ತಾನೆ, ಮತ್ತೆ ಜೋರಾಗಿ ನಗುತ್ತಾನೆ. ಅವನು ನಕ್ಕಾಗಲೆಲ್ಲ ನಾನು ಅವನ ಮೂಗಿನ ಕಡೆ ನೋಡುತ್ತೇನೆ. ಅವನ ಜೊತೆ ಈಗ ಅತ್ತಿಗೆಯೂ ಬರುತ್ತಾರೆ, ಮಾಮಕ್ ಅಂಗಡಿಯಲ್ಲಿ ನಮ್ಮ ಮೇಜಿಗೇ ಕೂರುತ್ತಾರೆ. ನನ್ನ ಮೇಲೆ ಒಂದು ಕೆಟ್ಟ ಮಾತು ಅವರ ಬಾಯಿಂದ ಬಂದಿಲ್ಲ. ಅಣ್ಣಾರ ಎಂದೇ ಕರೆಯುತ್ತಾರೆ. ಆದರೆ ಚಹಾ ಬಂದಾಗ, ಹಳೆಯ ಅಭ್ಯಾಸದಿಂದ ನಾನು ಎದ್ದು ಎಲ್ಲರ ಮುಂದೆ ಲೋಟ ಇಡಲು ಹೋದರೆ, ಅವರು ತಮ್ಮದನ್ನೂ ಗಂಡನದನ್ನೂ ಅಂಗಡಿಯವನ ಕೈಯಿಂದಲೇ ತೆಗೆದುಕೊಂಡು ತಮ್ಮ ಕಡೆ ಎಳೆದುಕೊಳ್ಳುತ್ತಾರೆ. ನಾನು ಕೂತುಕೊಳ್ಳುತ್ತೇನೆ.